ಲ್ಯಾಪ್‌ಟಾಪ್‌ಗೆ ಹಗುರವಾದ ಡಿಎನ್‌ಎಸ್ ಕ್ಯಾಶ್: ಯಾವುದನ್ನು ಆರಿಸಬೇಕು, ಯಾಕೆ

ಒಂದು ಸುದ್ದಿತಾಣದ ಮುಖಪುಟ ತೆರೆದುಕೊಳ್ಳಬೇಕಾದರೆ ಲ್ಯಾಪ್‌ಟಾಪ್ ಹತ್ತಾರು ಹೆಸರುಗಳಿಗೆ ಐಪಿ ವಿಳಾಸ ಕೇಳಬೇಕಾಗುತ್ತದೆ. ಪುಟಕ್ಕೊಂದು ಸರ್ವರ್, ಚಿತ್ರಗಳಿಗೊಂದು, ಫಾಂಟಿಗೊಂದು, ಜಾಹೀರಾತಿಗೆ ನಾಲ್ಕೈದು. ಪ್ರತಿಯೊಂದಕ್ಕೂ, ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸಿಕೊಡುವ ಡಿಎನ್‌ಎಸ್ ಸರ್ವರಿನಿಂದ ಉತ್ತರ ಬಂದ ಮೇಲೆಯೇ ಮುಂದಿನ ಹೆಜ್ಜೆ. ಮನೆಯ ಫೈಬರ್ ಸಂಪರ್ಕದಲ್ಲಿ ಈ ವಿಚಾರಣೆ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಮುಗಿಯುತ್ತದೆ, ಗೊತ್ತೇ ಆಗುವುದಿಲ್ಲ. ಫೋನಿನ ಹಾಟ್‌ಸ್ಪಾಟ್ ಹಿಡಿದು ರೈಲಿನಲ್ಲೋ ಬಸ್ಸಿನಲ್ಲೋ ಕೆಲಸ ಮಾಡುವಾಗ ಅದೇ ವಿಚಾರಣೆ 50ರಿಂದ 100 ಮಿಲಿಸೆಕೆಂಡ್ ತಿನ್ನುತ್ತದೆ. ನಡುವೆ ಒಂದು ಪ್ಯಾಕೆಟ್ ಕಳೆದುಹೋದರೆ ಎಲ್ಲವೂ ಐದು ಸೆಕೆಂಡ್ ನಿಂತುಬಿಡುತ್ತದೆ. ಬಂದ ಉತ್ತರಗಳನ್ನು ಲ್ಯಾಪ್‌ಟಾಪಿನಲ್ಲೇ ನೆನಪಿಟ್ಟುಕೊಳ್ಳುವ ಪುಟ್ಟ ಪ್ರೋಗ್ರಾಂ, ಅಂದರೆ ಡಿಎನ್‌ಎಸ್ ಕ್ಯಾಶ್, ಇಂಥಲ್ಲಿ ನೆರವಾಗುತ್ತದೆ.

ಈ ಐದು ಸೆಕೆಂಡ್ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಲಿನಕ್ಸಿನ ಹೆಚ್ಚಿನ ವಿತರಣೆಗಳಲ್ಲಿ (ಉಬುಂಟು, ಫೆಡೋರಾದಂಥವು) ಹೆಸರು ಹುಡುಕುವ ಕೆಲಸ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯದು. ಅದು ಇಟಿಸಿ ಫೋಲ್ಡರಿನ ರಿಸಾಲ್ವ್.ಕಾನ್ಫ್ ಫೈಲ್ ಓದಿ, ಡಿಎನ್‌ಎಸ್ ಸರ್ವರ್‌ಗಳ ವಿಳಾಸ ಹೇಳುವ ಅಲ್ಲಿನ ನೇಮ್‌ಸರ್ವರ್ ಸಾಲುಗಳಲ್ಲಿ ಮೊದಲಿನದನ್ನು ಕೇಳುತ್ತದೆ. ಉತ್ತರ ಬಾರದಿದ್ದರೆ 5 ಸೆಕೆಂಡ್ ಕಾದು ಎರಡನೆಯದಕ್ಕೆ ಹೋಗುತ್ತದೆ. ಒಟ್ಟು ಮೂರು ಸರ್ವರ್‌ಗಳನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತದೆ, ನಾಲ್ಕನೆಯ ಸಾಲು ಬರೆದರೂ ವ್ಯರ್ಥ. ಮುಖ್ಯವಾದ ಮಾತೆಂದರೆ, ಜಿಲಿಬ್‌ಸಿ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಮೊದಲ ಸರ್ವರ್ ಸತ್ತಿದೆ ಎಂಬುದನ್ನೂ ಒಂದು ಪ್ರೋಗ್ರಾಂ ಕಲಿತು ಇನ್ನೊಂದಕ್ಕೆ ಹೇಳುವುದಿಲ್ಲ. ಹಾಗಾಗಿ ಗಿಟ್, ಮೇಲ್, ಪ್ಯಾಕೇಜ್ ಮ್ಯಾನೇಜರ್ ಎಲ್ಲವೂ ತಮ್ಮ ತಮ್ಮ ಐದು ಸೆಕೆಂಡ್ ಕಾಯುತ್ತವೆ.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಮೊದಲ ಸಾಲಿನಲ್ಲಿ ಸಾರ್ವಜನಿಕ ಸರ್ವರ್, ಎರಡನೆಯ ಸಾಲಿನಲ್ಲಿ ಕಚೇರಿಯ ಸರ್ವರ್ ಹಾಕಿದರೆ, ಒಂದರಲ್ಲಿ ಸಿಗದ ಹೆಸರು ಇನ್ನೊಂದರಲ್ಲಿ ಸಿಗುತ್ತದೆ ಎಂದು ಬಹಳ ಜನ ಭಾವಿಸಿದ್ದಾರೆ. ಹಾಗಾಗುವುದಿಲ್ಲ. "ಆ ಹೆಸರೇ ಇಲ್ಲ" ಎಂಬುದೂ ಪೂರ್ಣ ಉತ್ತರವೇ. ಅದು ಬಂದ ಕ್ಷಣ ಹುಡುಕಾಟ ಮುಗಿಯಿತು. ಎರಡನೆಯ ಸರ್ವರಿಗೆ ಸರದಿ ಬರುವುದು ಮೊದಲನೆಯದು ಬಾಯಿಯೇ ಬಿಡದಿದ್ದಾಗ ಅಥವಾ ತನ್ನಿಂದ ಆಗಲಿಲ್ಲ ಎಂದು ಕೈಚೆಲ್ಲಿದಾಗ ಮಾತ್ರ. ಕಚೇರಿಯ ಹೆಸರುಗಳನ್ನು ಕಚೇರಿಯ ಸರ್ವರಿಗೇ, ಉಳಿದದ್ದನ್ನು ಬೇರೆ ಸರ್ವರಿಗೆ ಕಳಿಸಬೇಕಾದರೆ ನಡುವೆ ಬುದ್ಧಿಯಿರುವ ಒಂದು ಪ್ರೋಗ್ರಾಂ ಬೇಕು. ಲ್ಯಾಪ್‌ಟಾಪಿನಲ್ಲಿ ಸ್ವಂತ ಡಿಎನ್‌ಎಸ್ ಕ್ಯಾಶ್ ಇಟ್ಟುಕೊಳ್ಳಲು ವೇಗಕ್ಕಿಂತ ಇದೇ ದೊಡ್ಡ ಕಾರಣ.

ವೇಗದ ಲಾಭವನ್ನು ಉತ್ಪ್ರೇಕ್ಷಿಸಬಾರದು. ಪ್ರತಿ ಡಿಎನ್‌ಎಸ್ ಉತ್ತರದ ಜೊತೆ ಟಿಟಿಎಲ್ ಎಂಬ ಆಯಸ್ಸು ಬರುತ್ತದೆ. ಅಷ್ಟು ಸೆಕೆಂಡ್ ಮಾತ್ರ ಆ ಉತ್ತರವನ್ನು ಇಟ್ಟುಕೊಳ್ಳಬಹುದು. ದೊಡ್ಡ ತಾಣಗಳು ದಟ್ಟಣೆಯನ್ನು ಅತ್ತಿತ್ತ ಹಂಚಲೆಂದು ಟಿಟಿಎಲ್ಲನ್ನು 60 ಸೆಕೆಂಡಿಗೋ 300 ಸೆಕೆಂಡಿಗೋ ಇಳಿಸಿರುತ್ತವೆ. ಬ್ರೌಸರ್‌ಗಳಿಗೂ ತಮ್ಮದೇ ಪುಟ್ಟ ಕ್ಯಾಶ್ ಇದೆ. ಫೈರ್‌ಫಾಕ್ಸ್ ಮಾಮೂಲಿಯಾಗಿ 60 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ಒಂದೇ ಬ್ರೌಸರಿನಲ್ಲಿ ಒಂದೇ ತಾಣ ನೋಡುವವರಿಗೆ ಹೆಚ್ಚು ವ್ಯತ್ಯಾಸ ಕಾಣದು. ಒಂದೇ ಹೆಸರನ್ನು ಹಲವು ಪ್ರೋಗ್ರಾಂಗಳು ಕೇಳುವವರಿಗೆ, ದಿನವಿಡೀ ಗಿಟ್ ಮತ್ತು ಎಸ್‌ಎಸ್‌ಎಚ್ ಬಳಸುವವರಿಗೆ, ಕುಂಟುವ ಮೊಬೈಲ್ ನೆಟ್‌ವರ್ಕಿನವರಿಗೆ ಲಾಭ ಸ್ಪಷ್ಟ.

ವಿಂಡೋಸ್, ಮ್ಯಾಕ್ ಬಳಸುವವರು ಇಲ್ಲಿಗೇ ನಿಲ್ಲಬಹುದು. ವಿಂಡೋಸಿನ ಡಿಎನ್‌ಎಸ್ ಕ್ಲೈಂಟ್ ಸೇವೆ, ಮ್ಯಾಕಿನ ಎಂಡಿಎನ್‌ಎಸ್‌ರೆಸ್ಪಾಂಡರ್ ಎರಡೂ ಕ್ಯಾಶ್ ಮಾಡುತ್ತವೆ. ಮುಂದಿನದೆಲ್ಲ ಲಿನಕ್ಸ್ ಮತ್ತು ಬಿಎಸ್‌ಡಿ ಬಳಗಕ್ಕೆ. ಕೆಳಗೆ ಕನ್ನಡದಲ್ಲಿ ಬರೆದಿರುವ ಆಜ್ಞೆ, ಆಯ್ಕೆಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

"ಹಗುರ" ಎಂದರೆ ಮೆಮೊರಿ ಲೆಕ್ಕ ಮಾತ್ರವಲ್ಲ

ಯಾವ ಪ್ರೋಗ್ರಾಂ ಎಷ್ಟು ಮೆಗಾಬೈಟ್ ಹಿಡಿಯುತ್ತದೆ ಎಂಬ ಹೋಲಿಕೆಯಿಂದಲೇ ಇಂಥ ಚರ್ಚೆಗಳು ಶುರುವಾಗುತ್ತವೆ. 64 ಎಂಬಿ ಮೆಮೊರಿಯ ರೌಟರಿಗೆ ಆ ಲೆಕ್ಕ ಬೇಕು. 8 ಜಿಬಿ ಇರುವ ಲ್ಯಾಪ್‌ಟಾಪಿನಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ಕ್ಯಾಶ್ ಪ್ರೋಗ್ರಾಂ ಕೆಲವೇ ಎಂಬಿ, ಅನ್‌ಬೌಂಡ್ ಎಂಬ ಇನ್ನೊಂದು ಇಪ್ಪತ್ತರ ಆಸುಪಾಸು ಎಂಬಿ ಹಿಡಿದರೆ ಏನೂ ಫರಕಾಗದು. ಬ್ರೌಸರಿನ ಒಂದು ಟ್ಯಾಬೇ ಅದಕ್ಕಿಂತ ಹೆಚ್ಚು ನುಂಗುತ್ತದೆ.

ಲ್ಯಾಪ್‌ಟಾಪಿನ ವಿಶೇಷ ಬೇರೆಯೇ. ಅದು ಬೆಳಿಗ್ಗೆ ಮನೆಯ ವೈಫೈ, ಹತ್ತು ಗಂಟೆಗೆ ಕಚೇರಿಯ ನೆಟ್‌ವರ್ಕ್, ಮಧ್ಯಾಹ್ನ ದೂರದಿಂದಲೇ ಕಚೇರಿಯ ಜಾಲಕ್ಕೆ ಸೇರಿಸುವ ವಿಪಿಎನ್, ಸಂಜೆ ನಿಲ್ದಾಣದ ವೈಫೈ ಎಂದು ಊರೂರು ತಿರುಗುತ್ತದೆ. ಮುಚ್ಚಿದಾಗ ಮಲಗುತ್ತದೆ, ತೆರೆದಾಗ ಇನ್ನೆಲ್ಲೋ ಏಳುತ್ತದೆ. ನೆಟ್‌ವರ್ಕ್ ಬದಲಾದಾಗ ಕೈ ಹಾಕದೆ ತಾನೇ ಹೊಂದಿಕೊಳ್ಳುವ ಸರ್ವರ್ ಯಾವುದೋ ಅದೇ ನಿಜವಾಗಿ ಹಗುರ. 2 ಎಂಬಿಯ ಪ್ರೋಗ್ರಾಂ ಹಾಕಿಕೊಂಡು ಪ್ರತಿ ಹೋಟೆಲಿನಲ್ಲೂ ಟರ್ಮಿನಲ್ ತೆರೆದು ಸೆಟ್ಟಿಂಗ್ ತಿದ್ದುತ್ತ ಕೂರುವುದಾದರೆ ಅದು ಭಾರವೇ.

ಎರಡು ಜಾತಿಯ ಸರ್ವರ್‌ಗಳಿವೆ ಎಂಬುದೂ ಇಲ್ಲಿ ಮುಖ್ಯ. ಫಾರ್ವರ್ಡರ್ ಎಂಬುದು ಪ್ರಶ್ನೆಯನ್ನು ಮೇಲಿನ ಇನ್ನೊಂದು ಸರ್ವರಿಗೆ ದಾಟಿಸಿ, ಬಂದ ಉತ್ತರವನ್ನು ಕೂಡಿಟ್ಟುಕೊಳ್ಳುತ್ತದೆ. ಪೂರ್ಣ ರಿಕರ್ಸಿವ್ ರಿಸಾಲ್ವರ್ ಯಾರನ್ನೂ ನೆಚ್ಚದೆ ಡಿಎನ್‌ಎಸ್ ಶ್ರೇಣಿಯ ತುತ್ತತುದಿಯ ರೂಟ್ ಸರ್ವರಿನಿಂದ ಶುರುಮಾಡಿ, ಅಲ್ಲಿಂದ ಡಾಟ್‌ಕಾಮ್ ಅಥವಾ ಡಾಟ್‌ಇನ್ ಸರ್ವರಿಗೆ, ಅಲ್ಲಿಂದ ಆ ತಾಣದ ಸ್ವಂತ ನೇಮ್‌ಸರ್ವರಿಗೆ ಹೋಗಿ ತಾನೇ ವಿಚಾರಿಸುತ್ತದೆ. ಸ್ವಾವಲಂಬನೆ ಚೆನ್ನ. ಆದರೆ ಬೆಂಗಳೂರಿನಿಂದ ಅಮೆರಿಕದಲ್ಲಿರುವ ಒಂದು ನೇಮ್‌ಸರ್ವರಿಗೆ ಹೋಗಿಬರಲು 200 ಮಿಲಿಸೆಕೆಂಡ್ ದಾಟುತ್ತದೆ, ಅಂಥ ಎರಡು ಮೂರು ಪಯಣ ಸೇರಿದರೆ ಮೊದಲ ವಿಚಾರಣೆ ಅರ್ಧ ಸೆಕೆಂಡಾಗುತ್ತದೆ. ಸದಾ ಚಾಲೂ ಇರುವ ಸರ್ವರಿನಲ್ಲಿ ಕ್ಯಾಶ್ ತುಂಬಿರುವುದರಿಂದ ಈ ದಂಡ ಅಪರೂಪ. ದಿನಾ ಆರಿಸಿ ಹಚ್ಚುವ ಲ್ಯಾಪ್‌ಟಾಪಿನಲ್ಲಿ ಕ್ಯಾಶ್ ಪ್ರತಿ ಬಾರಿಯೂ ಖಾಲಿಯಿಂದ ಶುರು. ಮೇಲಿನ ಸಾರ್ವಜನಿಕ ಸರ್ವರಿನಲ್ಲಿ ಲಕ್ಷಾಂತರ ಜನ ಕೇಳಿದ ಉತ್ತರಗಳು ಆಗಲೇ ಸಿದ್ಧ ಇರುತ್ತವೆ. ಆದ್ದರಿಂದ ಲ್ಯಾಪ್‌ಟಾಪಿಗೆ ಫಾರ್ವರ್ಡರೇ ಸರಿ. ಅನ್‌ಬೌಂಡ್ ಹಾಕಿಕೊಂಡರೂ ಫಾರ್ವರ್ಡ್ ಮಾಡುವಂತೆ ಹೊಂದಿಸಿಕೊಳ್ಳುವುದು ಲೇಸು.

ಈಗಾಗಲೇ ಇರುವುದನ್ನು ಮೊದಲು ನೋಡಿ: ಸಿಸ್ಟಂಡಿ-ರಿಸಾಲ್ವ್ಡ್

ರಿಸಾಲ್ವ್.ಕಾನ್ಫ್ ತೆರೆದಾಗ ನೇಮ್‌ಸರ್ವರ್ 127.0.0.53 ಎಂದಿದ್ದರೆ ನಿಮ್ಮಲ್ಲಿ ಕ್ಯಾಶ್ ಆಗಲೇ ಇದೆ. 127ರಿಂದ ಶುರುವಾಗುವ ವಿಳಾಸ ಎಂದರೆ ಈ ಯಂತ್ರವೇ. ಉಬುಂಟುವಿನಲ್ಲಿ ಹಲವು ವರ್ಷಗಳಿಂದ, ಫೆಡೋರಾದಲ್ಲಿ 2020ರ 33ನೇ ಆವೃತ್ತಿಯಿಂದ ಸಿಸ್ಟಂಡಿ-ರಿಸಾಲ್ವ್ಡ್ ತಾನಾಗಿಯೇ ಬರುತ್ತದೆ. ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಒಂದು ಭಾಗ ಇದು. ರಿಸಾಲ್ವ್‌ಸಿಟಿಎಲ್ ಸ್ಟ್ಯಾಟಿಸ್ಟಿಕ್ಸ್ ಎಂದು ಹೊಡೆದರೆ ಕ್ಯಾಶಿನಲ್ಲಿ ಎಷ್ಟು ನಮೂದುಗಳಿವೆ, ಎಷ್ಟು ಪ್ರಶ್ನೆಗಳಿಗೆ ಅಲ್ಲಿಂದಲೇ ಉತ್ತರ ಸಿಕ್ಕಿತು, ಎಷ್ಟಕ್ಕೆ ಹೊರಗೆ ಹೋಗಬೇಕಾಯಿತು ಎಂಬುದು ಕಾಣುತ್ತದೆ. ಕ್ಯಾಶ್ ಖಾಲಿ ಮಾಡಲು ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್.

ಇದರ ನಿಜವಾದ ಶಕ್ತಿ ಪ್ರತಿ ಸಂಪರ್ಕಕ್ಕೂ ಬೇರೆ ಬೇರೆ ಡಿಎನ್‌ಎಸ್ ಇಟ್ಟುಕೊಳ್ಳುವುದರಲ್ಲಿದೆ. ವೈಫೈಗೆ ಅದರ ಸರ್ವರ್, ವಿಪಿಎನ್‌ಗೆ ಅದರ ಸರ್ವರ್. ಕಚೇರಿಯ ಡೊಮೇನಿನ ಪ್ರಶ್ನೆಗಳು ವಿಪಿಎನ್ ಕಡೆಗೆ ಮಾತ್ರ. ವಿಪಿಎನ್ ಕಡಿದ ಕೂಡಲೇ ಆ ಭಾಗ ತಾನಾಗಿ ಮಾಯ. ಅಲೆದಾಡುವ ಯಂತ್ರಕ್ಕೆ ಇದಕ್ಕಿಂತ ಸಲೀಸಾದ ವ್ಯವಸ್ಥೆ ಲಿನಕ್ಸಿನಲ್ಲಿ ಇನ್ನೊಂದಿಲ್ಲ. ಇದನ್ನು ಕಿತ್ತೊಗೆಯಿರಿ ಎಂಬ ಸಲಹೆ ಅಂತರ್ಜಾಲದ ತುಂಬ ಇದೆ. ಬಹುಪಾಲು ಜನರಿಗೆ ಆ ಸಲಹೆ ಬೇಡ ಎಂಬುದೇ ನಮ್ಮ ಅಭಿಪ್ರಾಯ.

ಆದರೆ ಮೂರು ಕಡೆ ಎಡವುತ್ತಾರೆ. ಒಂದು, ರಿಸಾಲ್ವ್ಡ್.ಕಾನ್ಫ್ ಫೈಲಿನಲ್ಲಿ ಡಿಎನ್‌ಎಸ್=9.9.9.9 ಎಂದು ಒಂದು ಸಾರ್ವಜನಿಕ ಸರ್ವರಿನ ವಿಳಾಸ ಬರೆದ ಮೇಲೂ ಪ್ರಶ್ನೆಗಳು ವೈಫೈ ರೌಟರ್ ಕೊಟ್ಟ ಸರ್ವರಿಗೆ ಹೋಗುತ್ತಲೇ ಇರುತ್ತವೆ. ಆ ಸಾಲು ಇಡೀ ಯಂತ್ರದ್ದು, ರೌಟರ್ ಕೊಟ್ಟದ್ದು ಆ ಸಂಪರ್ಕದ್ದು. ಎರಡೂ ಒಟ್ಟಿಗೇ ಬಳಕೆಯಾಗುತ್ತವೆ. ಎಲ್ಲ ಪ್ರಶ್ನೆಗಳೂ ನೀವು ಬರೆದ ಸರ್ವರಿಗೇ ಹೋಗಬೇಕಾದರೆ ಅದರ ಕೆಳಗೆ ಡೊಮೇನ್ಸ್=~. ಎಂದು ಸೇರಿಸಬೇಕು. ತರಂಗ ಚಿಹ್ನೆ, ಅದರ ಮುಂದೆ ಒಂದು ಚುಕ್ಕಿ. ಚುಕ್ಕಿ ಮರೆತರೆ ಕೆಲಸ ಆಗದು. ಎರಡು, ಚುಕ್ಕಿಯಿಲ್ಲದ ಒಂಟಿ ಹೆಸರುಗಳು, ಅಂದರೆ ಕಚೇರಿಯ ಒಳಜಾಲದಲ್ಲಿ ಬರೀ ವಿಕಿ ಎಂದು ಹೊಡೆದು ತೆರೆಯುವಂಥವು, ಮಾಮೂಲಿಯಾಗಿ ಡಿಎನ್‌ಎಸ್‌ಗೆ ಹೋಗುವುದೇ ಇಲ್ಲ. ಆ ಸಂಪರ್ಕಕ್ಕೆ ಸರ್ಚ್ ಡೊಮೇನ್, ಅಂದರೆ ಒಂಟಿ ಹೆಸರಿನ ಬಾಲಕ್ಕೆ ಸೇರಿಸಬೇಕಾದ ಡೊಮೇನ್, ಕೊಟ್ಟರೆ ಸರಿಹೋಗುತ್ತದೆ. ಮೂರು, ಉತ್ತರ ಅಸಲಿಯೇ ಎಂದು ಡಿಜಿಟಲ್ ಸಹಿಯಿಂದ ಪರಿಶೀಲಿಸುವ ಡಿಎನ್‌ಎಸ್‌ಸೆಕ್ ಆಯ್ಕೆಯನ್ನು ಯೆಸ್ ಎಂದು ಬಿಗಿಮಾಡಿದರೆ ಹಳೆಯ ರೌಟರ್‌ಗಳ ಹಿಂದೆ ಹೆಸರುಗಳು ಒಂದೊಂದಾಗಿ ಕೆಡುತ್ತವೆ. ಸಹಿ ಪರಿಶೀಲನೆ ನಿಜಕ್ಕೂ ಬೇಕಾದವರಿಗೆ ಅನ್‌ಬೌಂಡ್ ಇದೆ. ಇಲ್ಲಿ ಅದನ್ನು ವಿತರಣೆಯವರು ಇಟ್ಟಂತೆಯೇ ಬಿಡುವುದು ಕ್ಷೇಮ.

ಡಿಎನ್‌ಎಸ್‌ಮಾಸ್ಕ್: ಪುಟ್ಟದು, ಎಲ್ಲವೂ ಕಣ್ಣಿಗೆ ಕಾಣುವಂಥದ್ದು

ಸೈಮನ್ ಕೆಲ್ಲಿ ಬರೆದು ಈಗಲೂ ನೋಡಿಕೊಳ್ಳುತ್ತಿರುವ ಡಿಎನ್‌ಎಸ್‌ಮಾಸ್ಕ್ ಓಪನ್‌ಡಬ್ಲ್ಯುಆರ್‌ಟಿ ರೌಟರ್‌ಗಳಲ್ಲಿ ಇದೆ, ಜಾಹೀರಾತು ತಡೆಯುವ ಪೈ-ಹೋಲ್‌ನ ಒಳಗೆ ಇದೆ, ಲಿಬ್‌ವರ್ಟ್ ವರ್ಚುವಲ್ ಯಂತ್ರಗಳ ಜಾಲದಲ್ಲಿ ಇದೆ. ಫಾರ್ವರ್ಡರ್ ಮಾತ್ರ, ರೂಟಿನಿಂದ ತಾನೇ ಹುಡುಕಲಾರದು. ಸಿಸ್ಟಂಡಿ ಇಲ್ಲದ ವಿತರಣೆ ಬಳಸುವವರಿಗೂ ಪ್ರತಿ ಪ್ರಶ್ನೆ ಎಲ್ಲಿಗೆ ಹೋಯಿತೆಂದು ಲಾಗಿನಲ್ಲಿ ನೋಡಬಯಸುವವರಿಗೂ ಇದೇ ನಮ್ಮ ಮೊದಲ ಆಯ್ಕೆ.

ಲ್ಯಾಪ್‌ಟಾಪಿನಲ್ಲಿ ಇದನ್ನು ಸ್ವತಂತ್ರ ಸೇವೆಯಾಗಿ ಓಡಿಸದೆ, ವೈಫೈ ಮುಂತಾದ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರಿನ ಕೈಗೆ ಕೊಡಿ. ಡೆಬಿಯನ್, ಉಬುಂಟುಗಳಲ್ಲಿ ಡಿಎನ್‌ಎಸ್‌ಮಾಸ್ಕ್-ಬೇಸ್ ಎಂಬ ಪ್ಯಾಕೇಜು ಸಾಕು, ಅದರಲ್ಲಿ ಪ್ರೋಗ್ರಾಂ ಮಾತ್ರ ಇರುತ್ತದೆ. ಬರೀ ಡಿಎನ್‌ಎಸ್‌ಮಾಸ್ಕ್ ಎಂಬ ಪ್ಯಾಕೇಜು ಹಾಕಿದರೆ ಇಡೀ ಯಂತ್ರದ ಸೇವೆಯೊಂದು ತಾನೇ ಎದ್ದು ಡಿಎನ್‌ಎಸ್ಸಿಗೆ ಮೀಸಲಾದ 53ನೇ ಪೋರ್ಟನ್ನು ಹಿಡಿದುಕೂರುತ್ತದೆ, ಆಮೇಲೆ ನೆಟ್‌ವರ್ಕ್‌ಮ್ಯಾನೇಜರಿನದು ಏಳಲಾಗುವುದಿಲ್ಲ. ನಂತರ ಇಟಿಸಿಯ ಒಳಗಿನ ನೆಟ್‌ವರ್ಕ್‌ಮ್ಯಾನೇಜರ್ ಫೋಲ್ಡರಿನ ಕಾನ್ಫ್.ಡಿ ಎಂಬಲ್ಲಿ ಹೊಸ ಫೈಲ್ ಮಾಡಿ, ಚೌಕಾವರಣದಲ್ಲಿ ಮೇನ್ ಎಂಬ ತಲೆಸಾಲು, ಅದರ ಕೆಳಗೆ ಡಿಎನ್‌ಎಸ್=ಡಿಎನ್‌ಎಸ್‌ಮಾಸ್ಕ್ ಎಂಬ ಸಾಲು ಬರೆಯಿರಿ. ರಿಸಾಲ್ವ್ಡ್ ಓಡುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಬೂಟ್ ಆಗುವಾಗ ಏಳದಂತೆಯೂ ಮಾಡಿ. ಆಮೇಲೆ ರಿಸಾಲ್ವ್.ಕಾನ್ಫ್ ಎಂಬ ಸಿಂಬಾಲಿಕ್ ಲಿಂಕನ್ನು (ಬೇರೊಂದು ಫೈಲಿಗೆ ಕೈತೋರುವ ಕೊಂಡಿ) ಅಳಿಸಿ, ಕೊನೆಗೆ ನೆಟ್‌ವರ್ಕ್‌ಮ್ಯಾನೇಜರನ್ನು ಮರುಚಾಲೂ ಮಾಡಿ. ಈ ಅನುಕ್ರಮ ತಪ್ಪಬಾರದು: ಲಿಂಕ್ ಅಳಿಸದೆ ಬಿಟ್ಟರೆ ಫೈಲ್ ಇನ್ನೂ ಸತ್ತ 127.0.0.53ನ್ನೇ ತೋರಿಸುತ್ತ, ಪ್ರತಿ ಹೆಸರಿನ ಹುಡುಕಾಟವೂ ಸೋಲುತ್ತದೆ. ಎಲ್ಲ ಸರಿಯಾಗಿದ್ದರೆ ಹೊಸ ಫೈಲಿನಲ್ಲಿ ನೇಮ್‌ಸರ್ವರ್ 127.0.0.1 ಎಂದಿರುತ್ತದೆ.

ಈಗ ವೈಫೈ ಬದಲಾದಂತೆಲ್ಲ ನೆಟ್‌ವರ್ಕ್‌ಮ್ಯಾನೇಜರೇ ಹೊಸ ಸರ್ವರಿನ ವಿಳಾಸವನ್ನು ಡಿಎನ್‌ಎಸ್‌ಮಾಸ್ಕಿಗೆ ತಿಳಿಸುತ್ತದೆ. ನಿಮ್ಮ ಸ್ವಂತ ಆಯ್ಕೆಗಳನ್ನು ಅದೇ ಫೋಲ್ಡರಿನ ಡಿಎನ್‌ಎಸ್‌ಮಾಸ್ಕ್.ಡಿ ಒಳಗೆ ಒಂದು ಫೈಲಿನಲ್ಲಿ ಇಡಬೇಕು, ಇಟಿಸಿಯ ಡಿಎನ್‌ಎಸ್‌ಮಾಸ್ಕ್.ಕಾನ್ಫ್‌ನಲ್ಲಿ ಬರೆದದ್ದನ್ನು ಈ ವ್ಯವಸ್ಥೆ ಓದುವುದಿಲ್ಲ. ಕಚೇರಿಯ ಡೊಮೇನಿಗೆ ಸರ್ವರ್=/ಡೊಮೇನ್/ವಿಳಾಸ ಎಂಬ ಮಾದರಿಯ ಒಂದು ಸಾಲು ಸಾಕು. ಹೊರಗಿನ ಹೆಸರಿಗೆ ಒಳಜಾಲದ ವಿಳಾಸ ಕೊಟ್ಟು ವಂಚಿಸುವ ರಿಬೈಂಡ್ ದಾಳಿ ತಡೆಯುವ ಸ್ಟಾಪ್-ಡಿಎನ್‌ಎಸ್-ರಿಬೈಂಡ್ ಹಾಕಿದ್ದರೆ, ಖಾಸಗಿ ವಿಳಾಸ ಕೊಡುವ ಕಚೇರಿಯ ಡೊಮೇನನ್ನು ರಿಬೈಂಡ್-ಡೊಮೇನ್-ಓಕೆ ಸಾಲಿನಲ್ಲಿ ಸೇರಿಸಬೇಕು. ಇಲ್ಲವಾದರೆ 10ರಿಂದ ಶುರುವಾಗುವ ಉತ್ತರಗಳನ್ನು ಡಿಎನ್‌ಎಸ್‌ಮಾಸ್ಕ್ ದಾಳಿಯೆಂದೇ ತಿಳಿದು ಎಸೆಯುತ್ತದೆ.

ಕ್ಯಾಶ್ ಎಷ್ಟು ದೊಡ್ಡದಿರಬೇಕು? ಡಿಎನ್‌ಎಸ್‌ಮಾಸ್ಕಿನ ಮೂಲ ಅಳತೆ 150 ಹೆಸರು. ಇಂದಿನ ಪುಟಗಳಿಗೆ ಅದು ಕಿರಿದು. ಕ್ಯಾಶ್-ಸೈಜ್=1000 ಎಂದಿಟ್ಟರೆ ಒಬ್ಬರ ಬಳಕೆಗೆ ಧಾರಾಳ, ಮೆಮೊರಿ ಹೆಚ್ಚುವುದು ಕೆಲವು ನೂರು ಕಿಲೋಬೈಟ್ ಅಷ್ಟೆ. ಊಹೆ ಬೇಡ, ಅಳೆದೇ ನೋಡಬಹುದು. ಆ ಪ್ರಕ್ರಿಯೆಗೆ ಯುಎಸ್‌ಆರ್1 ಸಿಗ್ನಲ್ ಕಳಿಸಿದರೆ ಲಾಗಿನಲ್ಲಿ ಕ್ಯಾಶ್ ಅಳತೆಯ ಪಕ್ಕ 0/2345 ಎಂಬಂತೆ ಎರಡು ಸಂಖ್ಯೆಗಳು ಬೀಳುತ್ತವೆ. ಎರಡನೆಯದು ಈವರೆಗೆ ಸೇರಿಸಿದ ಒಟ್ಟು ನಮೂದುಗಳು. ಮೊದಲನೆಯದು, ಆಯಸ್ಸು ಮುಗಿಯುವ ಮೊದಲೇ ಜಾಗವಿಲ್ಲದೆ ಹೊರದಬ್ಬಿದವು. ಒಂದು ಇಡೀ ದಿನದ ಕೆಲಸದ ನಂತರವೂ ಮೊದಲ ಸಂಖ್ಯೆ ಸೊನ್ನೆಯೇ ಇದ್ದರೆ ಕ್ಯಾಶ್ ಸಾಕಷ್ಟಿದೆ, ಹಿಗ್ಗಿಸಿ ಲಾಭವಿಲ್ಲ. ಅದು ನೂರಾರು ಆಗಿದ್ದರೆ ಮಾತ್ರ ಅಳತೆಯನ್ನು ಇಮ್ಮಡಿಸಿ. ಹ್ಯಾಂಗಪ್ ಸಿಗ್ನಲ್ ಕಳಿಸಿದರೆ ಕ್ಯಾಶ್ ಖಾಲಿಯಾಗುತ್ತದೆ.

ಟಿಟಿಎಲ್ಲನ್ನು ಬಲವಂತವಾಗಿ ಹಿಗ್ಗಿಸುವ ಮಿನ್-ಕ್ಯಾಶ್-ಟಿಟಿಎಲ್ ಎಂಬ ಆಯ್ಕೆಯೂ ಇದೆ, ಗರಿಷ್ಠ 3600 ಸೆಕೆಂಡ್. ಕುಂಟುವ ನೆಟ್‌ವರ್ಕಿನಲ್ಲಿ 60 ಅಥವಾ 120 ಇಟ್ಟರೆ ಚೂರು ಅನುಕೂಲವಾಗುತ್ತದೆ. ಒಂದು ಗಂಟೆಗೆ ಏರಿಸಿದರೆ, ತಾಣದವರು ಕೆಟ್ಟ ಸರ್ವರನ್ನು ತೆಗೆದು ಬೇರೆಯದಕ್ಕೆ ತಿರುಗಿಸಿದ ಮೇಲೂ ನಿಮ್ಮ ಯಂತ್ರ ಸತ್ತ ವಿಳಾಸದ ಬಾಗಿಲನ್ನೇ ತಟ್ಟುತ್ತಿರುತ್ತದೆ. 2022ರ 2.87ನೇ ಆವೃತ್ತಿಯಿಂದ ಬಂದಿರುವ ಯೂಸ್-ಸ್ಟೇಲ್-ಕ್ಯಾಶ್ ಇದಕ್ಕಿಂತ ವಿವೇಕದ ದಾರಿ: ಆಯಸ್ಸು ಮುಗಿದ ಉತ್ತರವನ್ನು ತಕ್ಷಣಕ್ಕೆ ಕೊಟ್ಟು, ಹಿನ್ನೆಲೆಯಲ್ಲಿ ಹೊಸದನ್ನು ತರಿಸಿಕೊಳ್ಳುತ್ತದೆ.

ಆವೃತ್ತಿ ಹಳತಾಗಿರಬಾರದು. 2021ರ ಜನವರಿಯಲ್ಲಿ ಡಿಎನ್‌ಎಸ್‌ಪೂಕ್ ಎಂಬ ಹೆಸರಿನಲ್ಲಿ ಹೊರಬಂದ ದೋಷಗಳಿಂದ ಕ್ಯಾಶಿಗೆ ಸುಳ್ಳು ಉತ್ತರ ತುರುಕಲು ಸಾಧ್ಯವಿತ್ತು, 2.83ರಲ್ಲಿ ಅವನ್ನು ಸರಿಪಡಿಸಲಾಯಿತು. ಡಿಎನ್‌ಎಸ್‌ಮಾಸ್ಕಿಗೆ ಟಿಎಲ್‌ಎಸ್ ಮೂಲಕ ಗೂಢಲಿಪೀಕರಿಸಿ ಕೇಳುವುದು ಬರುವುದಿಲ್ಲ ಎಂಬುದೂ ಗಮನದಲ್ಲಿರಲಿ.

ಅನ್‌ಬೌಂಡ್: ಸಹಿ ಪರಿಶೀಲನೆ, ಗೂಢ ಸಂಪರ್ಕ ಬೇಕಾದವರಿಗೆ

ನೆದರ್ಲೆಂಡ್ಸಿನ ಎನ್‌ಎಲ್‌ನೆಟ್ ಲ್ಯಾಬ್ಸ್ 2008ರಲ್ಲಿ ಹೊರತಂದ ಅನ್‌ಬೌಂಡ್ ಪೂರ್ಣ ರಿಕರ್ಸಿವ್ ರಿಸಾಲ್ವರ್. ಡಿಎನ್‌ಎಸ್‌ಸೆಕ್ ಪರಿಶೀಲನೆಯಲ್ಲಿ ಪಳಗಿದ ಕೈ. ಲ್ಯಾಪ್‌ಟಾಪಿನಲ್ಲಿ ಇದರ ಮುಖ್ಯ ಸೆಟ್ಟಿಂಗ್‌ಗಳು ಕೆಲವೇ. ಇಂಟರ್‌ಫೇಸ್ 127.0.0.1; ಎಂಎಸ್‌ಜಿ-ಕ್ಯಾಶ್-ಸೈಜ್ 4ಎಂ, ಆರ್‌ಆರ್‌ಸೆಟ್-ಕ್ಯಾಶ್-ಸೈಜ್ ಅದರ ಎರಡರಷ್ಟು ಅಂದರೆ 8ಎಂ; ಥ್ರೆಡ್ ಒಂದೇ ಸಾಕು. ಪ್ರೀಫೆಚ್ ಯೆಸ್ ಎಂದಿಟ್ಟರೆ ಪದೇ ಪದೇ ಬಳಸುವ ಹೆಸರುಗಳನ್ನು ಆಯಸ್ಸು ಮುಗಿಯುವ ಸ್ವಲ್ಪ ಮೊದಲೇ ನವೀಕರಿಸಿಕೊಳ್ಳುತ್ತದೆ. ಸರ್ವ್-ಎಕ್ಸ್‌ಪೈರ್ಡ್ ಯೆಸ್ ಎಂದಿಟ್ಟರೆ ನೆಟ್‌ವರ್ಕ್ ತಡವರಿಸಿದಾಗ ಹಳೆಯ ಉತ್ತರವನ್ನಾದರೂ ಕೊಡುತ್ತದೆ.

ಫಾರ್ವರ್ಡ್-ಜೋನ್ ವಿಭಾಗದಲ್ಲಿ ಹೆಸರು ಒಂದು ಚುಕ್ಕಿ, ಫಾರ್ವರ್ಡ್-ಟಿಎಲ್‌ಎಸ್-ಅಪ್‌ಸ್ಟ್ರೀಮ್ ಯೆಸ್. ವಿಳಾಸದ ಸಾಲು ಹೀಗಿರುತ್ತದೆ: 9.9.9.9, ಅದಕ್ಕೆ ಅಂಟಿಕೊಂಡು ಅಟ್ ಚಿಹ್ನೆಯ ಜೊತೆ 853 (ಗೂಢ ಡಿಎನ್‌ಎಸ್ಸಿನ ಪೋರ್ಟ್), ಅದಕ್ಕೆ ಅಂಟಿಕೊಂಡು ಹ್ಯಾಶ್ ಚಿಹ್ನೆ ಮತ್ತು ಆ ಸರ್ವರಿನ ಹೆಸರು. ಹ್ಯಾಶ್ ಕಂಡೊಡನೆ ಅದು ಟಿಪ್ಪಣಿ ಎಂದುಕೊಂಡು ಬಹಳ ಜನ ಆ ಬಾಲವನ್ನು ಕತ್ತರಿಸುತ್ತಾರೆ. ಕತ್ತರಿಸಿದರೂ ಹೆಸರುಗಳು ಸಿಗುತ್ತಲೇ ಇರುತ್ತವೆ, ಯಾವ ದೋಷವೂ ಕಾಣದು. ಆದರೆ ಎದುರಿಗಿರುವ ಸರ್ವರಿನ ಪ್ರಮಾಣಪತ್ರವನ್ನು ಅನ್‌ಬೌಂಡ್ ಪರೀಕ್ಷಿಸುವುದೇ ಇಲ್ಲ. ನಡುವೆ ಕುಳಿತವರು ಯಾರು ಬೇಕಾದರೂ ತಾವೇ ಆ ಸರ್ವರ್ ಎಂದು ನಟಿಸಬಹುದು. ಪರೀಕ್ಷಿಸಲು ಪ್ರಮಾಣಪತ್ರಗಳ ಕಟ್ಟು ಎಲ್ಲಿದೆ ಎಂಬುದನ್ನೂ ಟಿಎಲ್‌ಎಸ್-ಸರ್ಟ್-ಬಂಡಲ್ ಸಾಲಿನಲ್ಲಿ ಹೇಳಬೇಕು. ಇನ್ನೊಂದು, 2020ರ ಡಿಸೆಂಬರಿನ 1.13.0ಕ್ಕಿಂತ ಹಳೆಯ ಅನ್‌ಬೌಂಡ್ ಪ್ರತಿ ಪ್ರಶ್ನೆಗೂ ಹೊಸ ಟಿಎಲ್‌ಎಸ್ ಸಂಪರ್ಕ ಕಟ್ಟುತ್ತಿತ್ತು. ಮೊಬೈಲ್ ಜಾಲದಲ್ಲಿ ಅದು ಅಸಹನೀಯ ನಿಧಾನ. ಈಗಿನ ಆವೃತ್ತಿಗಳು ಒಂದೇ ಸಂಪರ್ಕವನ್ನು ಮತ್ತೆ ಮತ್ತೆ ಬಳಸುತ್ತವೆ.

ಅನ್‌ಬೌಂಡ್ ತೊಂದರೆ ಕೊಡುವುದು ಲಾಗಿನ್ ಪುಟ ತೋರಿಸುವ ವೈಫೈಗಳಲ್ಲಿ. ಮೊಬೈಲ್ ನಂಬರ್, ಓಟಿಪಿ ಕೇಳುವ ರೈಲು ನಿಲ್ದಾಣದ ರೈಲ್‌ವೈರ್ ಅಂಥದ್ದು. ಹೋಟೆಲ್, ವಿಮಾನ ನಿಲ್ದಾಣಗಳಲ್ಲೂ ಇದೇ ಪದ್ಧತಿ. ಇಂಥ ಎಷ್ಟೋ ಜಾಲಗಳು ಲಾಗಿನ್ ಆಗುವವರೆಗೆ ಹೊರಗಿನ ಡಿಎನ್‌ಎಸ್ಸನ್ನು ತಡೆದು, ಯಾವ ಹೆಸರು ಕೇಳಿದರೂ ತಮ್ಮ ಲಾಗಿನ್ ಪುಟದ ವಿಳಾಸವನ್ನೇ ಉತ್ತರವಾಗಿ ಕೊಡುತ್ತವೆ. 853ನೇ ಪೋರ್ಟ್ ಮುಚ್ಚಿದ್ದರೆ ನಿಮ್ಮ ಗೂಢ ಪ್ರಶ್ನೆ ಹೊರಗೇ ಹೋಗದು. ಸ್ಥಳೀಯ ಸರ್ವರಿಗೆ ಫಾರ್ವರ್ಡ್ ಮಾಡಿದರೂ ಡಿಎನ್‌ಎಸ್‌ಸೆಕ್ ಪರಿಶೀಲನೆ ಸೋಲುತ್ತದೆ. ಸಹಿ ಇಲ್ಲದ ಡೊಮೇನ್‌ಗಳಾದರೂ ದಾಟಬಾರದೇ ಎಂದರೆ, ಇಲ್ಲ: ಒಂದು ಡೊಮೇನಿಗೆ ಸಹಿಯಿಲ್ಲ ಎಂಬುದಕ್ಕೂ ಮೇಲಿನ ಹಂತದಿಂದ ಸಹಿ ಮಾಡಿದ ಸಾಕ್ಷಿ ಬೇಕು, ಆ ಸುಳ್ಳು ಸರ್ವರ್ ಅದನ್ನು ಕೊಡಲಾರದು. ಆಗ ಲಾಗಿನ್ ಪುಟವೂ ತೆರೆಯುವುದಿಲ್ಲ, ಲಾಗಿನ್ ಆಗದೆ ಡಿಎನ್‌ಎಸ್ಸೂ ಸಿಗುವುದಿಲ್ಲ.

ಪರಿಹಾರ ಹೀಗೆ. ರಿಸಾಲ್ವ್.ಕಾನ್ಫ್‌ನಲ್ಲಿ ತಾತ್ಕಾಲಿಕವಾಗಿ ಆ ವೈಫೈ ಕೊಟ್ಟ ಸರ್ವರಿನ ವಿಳಾಸ ಬರೆದು, ಎಚ್‌ಟಿಟಿಪಿಎಸ್ ಅಲ್ಲದ ಯಾವುದಾದರೂ ಪುಟ ತೆರೆದು ಲಾಗಿನ್ ಮಾಡಿ, ಆಮೇಲೆ 127.0.0.1ಕ್ಕೆ ಮರಳಿ. ಡೀಫಾಲ್ಟ್ ಗೇಟ್‌ವೇಯ ವಿಳಾಸವನ್ನು ನೇರವಾಗಿ ಬ್ರೌಸರಿನಲ್ಲಿ ಹೊಡೆದರೂ ಎಷ್ಟೋ ಕಡೆ ಲಾಗಿನ್ ಪುಟ ಸಿಗುತ್ತದೆ. ಕೆಲವು ವೈಫೈ ಉಪಕರಣಗಳನ್ನು 1.1.1.1 ಎಂಬ ವಿಳಾಸವನ್ನೇ ತಮ್ಮ ಲಾಗಿನ್ ಪುಟಕ್ಕೆ ಬಳಸುವಂತೆ ಹೊಂದಿಸಿರುತ್ತಾರೆ. ಅಲ್ಲಿ ಅದೇ ವಿಳಾಸದ ಹೆಸರಾಂತ ಸಾರ್ವಜನಿಕ ಡಿಎನ್‌ಎಸ್ ಲಾಗಿನ್ ಆದ ಮೇಲೂ ತಲುಪದೇ ಹೋಗಬಹುದು. ಡಿಎನ್‌ಎಸ್‌ಮಾಸ್ಕ್ ಅಥವಾ ರಿಸಾಲ್ವ್ಡ್ ಬಳಸುವವರಿಗೆ ಪುಟ ಸಲೀಸಾಗಿ ತೆರೆದುಕೊಳ್ಳುತ್ತದೆ, ಆದರೆ ಆ ಸುಳ್ಳು ಉತ್ತರಗಳು ಕ್ಯಾಶಿನಲ್ಲಿ ಉಳಿದಿರಬಹುದು. ಲಾಗಿನ್ ಆದಮೇಲೂ ಕೆಲವು ತಾಣಗಳು ಲಾಗಿನ್ ಪುಟಕ್ಕೇ ಎಳೆದೊಯ್ದರೆ ಕ್ಯಾಶ್ ಖಾಲಿ ಮಾಡಿ.

ಓಪನ್‌ಬಿಎಸ್‌ಡಿಯವರು ಇದೇ ಸಂಕಟಕ್ಕೆಂದು 2019ರ 6.5ನೇ ಆವೃತ್ತಿಯಲ್ಲಿ ಅನ್‌ವೈಂಡ್ ಎಂಬ ಪುಟ್ಟ ಸೇವೆ ಕೊಟ್ಟರು. ಒಳಗೆ ಅನ್‌ಬೌಂಡಿನ ಲೈಬ್ರರಿಯೇ ಇದೆ. ಸ್ವಂತ ಹುಡುಕಾಟ, ಗೂಢ ಸಂಪರ್ಕ, ವೈಫೈ ಕೊಟ್ಟ ಸರ್ವರ್ ಇವುಗಳಲ್ಲಿ ಸದ್ಯ ಯಾವುದು ಕೆಲಸ ಮಾಡುತ್ತಿದೆ ಎಂದು ತಾನೇ ಪರೀಕ್ಷಿಸಿ ಒಳ್ಳೆಯದನ್ನು ಆರಿಸಿಕೊಳ್ಳುತ್ತದೆ. ಲ್ಯಾಪ್‌ಟಾಪನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದ ಡಿಎನ್‌ಎಸ್ ಪ್ರೋಗ್ರಾಂ ಎಂದರೆ ಇದು. ಓಪನ್‌ಬಿಎಸ್‌ಡಿ ಬಳಸುವವರು ಬೇರೆ ಏನನ್ನೂ ಹುಡುಕಬೇಕಿಲ್ಲ.

ಬೇಡವಾದವು

ಬೈಂಡ್ ಇವತ್ತಿಗೂ ಮಹಾ ಸರ್ವರ್, ಆದರೆ ಒಂದು ಲ್ಯಾಪ್‌ಟಾಪಿನ ಕ್ಯಾಶಿಗೆ ಅದರ ಸೆಟ್ಟಿಂಗ್‌ಗಳೂ ಹರಹೂ ಅತಿಯಾಯಿತು. ಪಿಡಿಎನ್‌ಎಸ್‌ಡಿ ಕ್ಯಾಶನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತಿತ್ತು, ಡಯಲ್‌ಅಪ್ ಕಾಲದಲ್ಲಿ ಅದು ವರ. 2012ರ ನಂತರ ಹೊಸ ಬಿಡುಗಡೆಯಿಲ್ಲ. ಬರ್ನ್‌ಸ್ಟೈನ್ ಅವರ ಡಿಎನ್‌ಎಸ್‌ಕ್ಯಾಶ್ ಇವೆಲ್ಲಕ್ಕಿಂತ ಪುಟ್ಟದು, ಒಂದು ಮೆಗಾಬೈಟ್ ಕ್ಯಾಶಿನಲ್ಲಿ ಸಂಸಾರ ನಡೆಸುವಂಥದ್ದು, ಆದರೆ 2001ರ 1.05ಕ್ಕೇ ನಿಂತಿದೆ, ಡಿಎನ್‌ಎಸ್‌ಸೆಕ್ ಇಲ್ಲ. ಎನ್‌ಎಸ್‌ಸಿಡಿ ಬಳಕೆದಾರರ ಪಟ್ಟಿ, ಗುಂಪುಗಳ ಪಟ್ಟಿ ಎಲ್ಲವನ್ನೂ ಕ್ಯಾಶ್ ಮಾಡುವ ಬೇರೆ ಉದ್ದೇಶದ ಸೇವೆ, ಡಿಎನ್‌ಎಸ್ಸಿಗಾಗಿ ಅದನ್ನು ಹಾಕಿಕೊಳ್ಳಬೇಡಿ. ಡಿಎನ್‌ಎಸ್‌ಕ್ರಿಪ್ಟ್-ಪ್ರಾಕ್ಸಿ ಜೀವಂತವಾಗಿದೆ, ಗೂಢಲಿಪೀಕರಣವೇ ಮುಖ್ಯವಾದವರಿಗೆ ಅನ್‌ಬೌಂಡಿಗೆ ಒಳ್ಳೆಯ ಪರ್ಯಾಯ.

ಹಾಕಿದ ಮೇಲೆ ಪರೀಕ್ಷೆ, ಮತ್ತು ಕೆಡುವ ಜಾಗಗಳು

ಡಿಗ್ ಆಜ್ಞೆಯಿಂದ ಒಂದೇ ಹೆಸರನ್ನು ಎರಡು ಸಲ ಕೇಳಿ. ಕೊನೆಯ ಸಾಲುಗಳಲ್ಲಿ ಕ್ವೆರಿ ಟೈಮ್ ಎಂಬುದು ಮೊದಲ ಸಲ ಹತ್ತಾರು ಮಿಲಿಸೆಕೆಂಡ್, ಎರಡನೆಯ ಸಲ 0 ಅಥವಾ 1 ಇರಬೇಕು. ಅದರ ಕೆಳಗಿನ ಸರ್ವರ್ ಸಾಲಿನಲ್ಲಿ 127ರಿಂದ ಶುರುವಾಗುವ ವಿಳಾಸ ಕಾಣಬೇಕು. ಎರಡನೆಯ ಉತ್ತರದಲ್ಲಿ ಟಿಟಿಎಲ್ ಮೊದಲಿಗಿಂತ ಕಡಿಮೆಯಾಗಿದ್ದರೆ ಅದು ಯಾವುದೋ ಕ್ಯಾಶಿನಿಂದ ಬಂದಿದೆ ಎಂದರ್ಥ, ನಿಮ್ಮದೇ ಎಂದಲ್ಲ. ಮೇಲಿನ ಸರ್ವರಿನ ಕ್ಯಾಶೂ ಇರಬಹುದು. ಹಾಗಾಗಿ ಸಮಯವನ್ನೂ ವಿಳಾಸವನ್ನೂ ಒಟ್ಟಿಗೆ ನೋಡಿ. ಡಿಗ್ ನೇರವಾಗಿ ಡಿಎನ್‌ಎಸ್ಸನ್ನು ಕೇಳುತ್ತದೆ, ಹೋಸ್ಟ್ಸ್ ಫೈಲನ್ನಾಗಲಿ, ಹೆಸರನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ ಎನ್‌ಎಸ್‌ಸ್ವಿಚ್ ಕ್ರಮವನ್ನಾಗಲಿ ಗಣಿಸುವುದಿಲ್ಲ. ಡಿಗ್‌ಗೆ ಸಿಕ್ಕ ಹೆಸರು ಪ್ರೋಗ್ರಾಂಗಳಿಗೆ ಸಿಗದಿದ್ದರೆ ಗೆಟೆಂಟ್ ಎಹೋಸ್ಟ್ಸ್ ಬಳಸಿ ಪರೀಕ್ಷಿಸಿ. ಪ್ರೋಗ್ರಾಂಗಳು ನಡೆಯುವ ದಾರಿಯಲ್ಲೇ ಅದೂ ನಡೆಯುತ್ತದೆ.

ಸರ್ವರ್ ಏಳುವಾಗ "ಅಡ್ರೆಸ್ ಆಲ್ರೆಡಿ ಇನ್ ಯೂಸ್" ಎಂದರೆ 53ನೇ ಪೋರ್ಟನ್ನು ಇನ್ನಾರೋ ಹಿಡಿದಿದ್ದಾರೆ. ಎಸ್‌ಎಸ್ ಆಜ್ಞೆಗೆ -ಎಲ್‌ಯುಎನ್‌ಪಿ ಸೇರಿಸಿ ರೂಟ್ ಆಗಿ ಓಡಿಸಿದರೆ ಹೆಸರೇ ಸಿಗುತ್ತದೆ. ಹೆಚ್ಚಾಗಿ ಅದು ರಿಸಾಲ್ವ್ಡ್ ಅಥವಾ 192.168.122.1ರಲ್ಲಿ ಕೂತ ಲಿಬ್‌ವರ್ಟಿನ ಡಿಎನ್‌ಎಸ್‌ಮಾಸ್ಕ್. ಲಿಸನ್-ಅಡ್ರೆಸ್=127.0.0.1 ಜೊತೆ ಬೈಂಡ್-ಇಂಟರ್‌ಫೇಸಸ್ ಸೇರಿಸಿದರೆ ಇಬ್ಬರೂ ತಮ್ಮ ತಮ್ಮ ವಿಳಾಸದಲ್ಲಿ ನೆಮ್ಮದಿಯಾಗಿರುತ್ತಾರೆ.

ಹಳೆಯ ಲ್ಯಾಪ್‌ಟಾಪಿನಲ್ಲಿ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿದ್ದರೆ ಡಿಎನ್‌ಎಸ್‌ಸೆಕ್ ವಿಚಿತ್ರವಾಗಿ ಕೆಡುತ್ತದೆ. ಗಡಿಯಾರ ವರ್ಷಗಳಷ್ಟು ಹಿಂದಕ್ಕೆ ಹೋಗಿರುತ್ತದೆ. ಡಿಎನ್‌ಎಸ್‌ಸೆಕ್ ಸಹಿಗಳಿಗೆ ಶುರುವಿನ ದಿನವೂ ಕೊನೆಯ ದಿನವೂ ಇರುವುದರಿಂದ ಎಲ್ಲ ಸಹಿಗಳೂ ಅಮಾನ್ಯವಾಗುತ್ತವೆ. ಗಡಿಯಾರ ಸರಿಪಡಿಸುವ ಎನ್‌ಟಿಪಿ ಸರ್ವರಿನ ಹೆಸರೂ ಸಿಗದೆ, ಎರಡೂ ಒಂದಕ್ಕೊಂದು ಕಾದು ಕೂರುತ್ತವೆ. ಎನ್‌ಟಿಪಿಗೆ ಒಂದು ಸರ್ವರನ್ನಾದರೂ ಐಪಿ ವಿಳಾಸದಲ್ಲೇ ಕೊಡಿ ಅಥವಾ ಅನ್‌ಬೌಂಡಿನಲ್ಲಿ ಎನ್‌ಟಿಪಿಯ ಡೊಮೇನನ್ನು ಡೊಮೇನ್-ಇನ್‌ಸೆಕ್ಯೂರ್ ಎಂದು ಬರೆಯಿರಿ. ಬ್ಯಾಟರಿ ಬದಲಿಸುವುದು ಇವೆರಡಕ್ಕಿಂತ ಉತ್ತಮ, ಹೆಚ್ಚಿನವು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಿಆರ್2032. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಯಂತ್ರದಲ್ಲಿ, ಸಹಿ ಪರಿಶೀಲನೆಗೆ ಬುನಾದಿಯಾದ ರೂಟ್ ಕೀ ಹಳತಾಗಿರುವ ಸಾಧ್ಯತೆಯೂ ಇದೆ. 2018ರ ಅಕ್ಟೋಬರ್ 11ರಂದು ಆ ಕೀ ಮೊದಲ ಬಾರಿಗೆ ಬದಲಾಯಿತು. ಅನ್‌ಬೌಂಡ್-ಆಂಕರ್ ಓಡಿಸಿದರೆ ಈಗಿನ ಕೀ ಬರುತ್ತದೆ.

ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್ ಬಳಸುವವರು ಇನ್ನೊಂದನ್ನು ನೋಡಬೇಕು. ಯಂತ್ರದ ರಿಸಾಲ್ವ್.ಕಾನ್ಫ್‌ನಲ್ಲಿ 127.0.0.1 ಮಾತ್ರ ಇದ್ದರೆ ಕಂಟೇನರಿನ ಒಳಗಿಂದ ಅದು ತಲುಪುವುದಿಲ್ಲ, ಆಗ ಡಾಕರ್ ತಾನಾಗಿ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಆದ 8.8.8.8ಕ್ಕೆ ತಿರುಗುತ್ತದೆ. ಹೊರಗಿನ ತಾಣಗಳೆಲ್ಲ ಸಿಗುತ್ತವೆ, ಕಚೇರಿಯ ಒಳಹೆಸರುಗಳು ಮಾತ್ರ ಕಂಟೇನರಿನಲ್ಲಿ ಸಿಗುವುದಿಲ್ಲ. ಡಿಎನ್‌ಎಸ್‌ಮಾಸ್ಕ್ ಡಾಕರಿನ ಬ್ರಿಡ್ಜ್ ವಿಳಾಸದಲ್ಲೂ, ಸಾಮಾನ್ಯವಾಗಿ 172.17.0.1, ಕೇಳಿಸಿಕೊಳ್ಳುವಂತೆ ಮಾಡಿ, ಡಾಕರಿನ ಡೀಮನ್.ಜೇಸನ್ ಫೈಲಿನಲ್ಲಿ ಡಿಎನ್‌ಎಸ್ ಎಂದು ಅದೇ ವಿಳಾಸ ಕೊಟ್ಟರೆ ಸರಿಯಾಗುತ್ತದೆ. ಬ್ರಿಡ್ಜ್ ಏಳುವ ಮೊದಲೇ ಡಿಎನ್‌ಎಸ್‌ಮಾಸ್ಕ್ ಎದ್ದರೆ ಆ ವಿಳಾಸ ಸಿಗದೆ ಸೋಲುತ್ತದೆ. ಬೈಂಡ್-ಇಂಟರ್‌ಫೇಸಸ್ ಬದಲು ಬೈಂಡ್-ಡೈನಾಮಿಕ್ ಬರೆದರೆ ವಿಳಾಸ ಬಂದಾಗ ಹಿಡಿದುಕೊಳ್ಳುತ್ತದೆ.

ಇಷ್ಟಾದ ಮೇಲೂ ಬ್ರೌಸರ್ ಮಾತ್ರ ಕಚೇರಿಯ ಹೆಸರುಗಳನ್ನು ತೆರೆಯದಿದ್ದರೆ ಅದರ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಚಾಲೂ ಇದೆಯೇ ನೋಡಿ. ಚಾಲೂ ಇದ್ದರೆ ಬ್ರೌಸರಿನ ಪ್ರಶ್ನೆಗಳು ನಿಮ್ಮ ಸರ್ವರನ್ನು ಬಿಟ್ಟು 443ನೇ ಪೋರ್ಟಿನಲ್ಲಿ ನೇರ ಹೊರಗೆ ಹೋಗುತ್ತಿರುತ್ತವೆ. ಅದನ್ನು ಆಫ್ ಮಾಡಿ, ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆದರೆ ಅದೂ 127.0.0.1ರ ದಾರಿಗೆ ಬರುತ್ತದೆ.